‘ಕರಗಿತು’, ‘ಕರಗೀತು’, ‘ಕರಗುತ್ತದೆ’: ಕನ್ನಡ ವೈದ್ಯಗದ್ಯದ ಕ್ರಿಯಾಪದವನ್ನು ಕುರಿತು

ಕನ್ನಡದಲ್ಲಿ ಶಾಸ್ತ್ರವನ್ನು ಬರೆಯುವ ಮಾತು ಬಂದಾಗಲೆಲ್ಲ ನಮ್ಮ ವಿದ್ವಾಂಸರ ಲಕ್ಷ್ಯವು ಒಡನೆಯೇ ನಾಮಪದಗಳ ಕಡೆಗೆ ಹರಿಯುವದು. ಪರಭಾಷೆಯ ಇಂಥ ಶಬ್ದಕ್ಕೆ ಕನ್ನಡದಲ್ಲಿ ಏನೆನ್ನಬೇಕು, ಅದನ್ನು ಸಂಸ್ಕೃತದಿಂದ ತರಬೇಕೋ, ಅಚ್ಚಗನ್ನಡದಲ್ಲಿ ಕಟ್ಟಬೇಕೋ, ಇದ್ದಂತೆಯೇ ಇಟ್ಟುಕೊಳ್ಳಬೇಕೋ ಎಂಬ ಚರ್ಚೆಯು 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಇಂದಿನವರೆಗೂ ನಿಂತಿಲ್ಲ. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟು, ಅದರ ತರುವಾಯ ಬಂದ ಪಾರಿಭಾಷಿಕ ಕೋಶಗಳು, ವೈದ್ಯಪದಗಳಿಗಾಗಿ ಡಾ. ಡಿ. ಎಸ್. ಶಿವಪ್ಪನವರು ಪಟ್ಟ ಪರಿಶ್ರಮ, ಇವೆಲ್ಲವೂ ಸ್ತುತ್ಯವಾದವುಗಳೇ. ಆದರೆ ವಾಕ್ಯವು ನಿಲ್ಲುವದು ನಾಮಪದದ ಮೇಲಲ್ಲ. ಕನ್ನಡದಲ್ಲಂತೂ ಕ್ರಿಯಾಪದವು ಕಟ್ಟಕಡೆಗೆ ಬಂದು, ಅದುವರೆಗೆ ಹೇಳಿದ್ದೆಲ್ಲವೂ ಆದದ್ದೋ, ಆಗತಕ್ಕದ್ದೋ, ಆದೀತೆಂದು ಊಹಿಸಿದ್ದೋ ಎಂಬದನ್ನು ತೀರ್ಮಾನಿಸುವದು. ಶಾಸ್ತ್ರಗದ್ಯದ ವಿಮರ್ಶೆಯಲ್ಲಿ ಈ ಕ್ರಿಯಾಪದವನ್ನು ವಿಚಾರಿಸಿದವರು ವಿರಳ. ಅದನ್ನು ಒಂದು ದೃಷ್ಟಾಂತದಿಂದ ವಿಚಾರಿಸುವದು ಈ ಲೇಖನದ ಉದ್ದೇಶವು.

ದೃಷ್ಟಾಂತವು ನನಗೆ ದೊರೆತದ್ದು ಗ್ರಂಥಾಲಯದಲ್ಲಲ್ಲ. ಬನಹಟ್ಟಿಯ ನೇಕಾರರೊಬ್ಬರು ಪರಿಚಯದ ಸಲಿಗೆಯಿಂದ ಮನೆಗೆ ಬಂದು, ಜೇಬಿನಿಂದ ಹಳದಿಗಟ್ಟಿದ ಒಂದು ಪತ್ರಿಕೆಯ ತುಣುಕನ್ನು ತೆಗೆದು ಮುಂದಿಟ್ಟರು. ಅವರ ಪತ್ನಿಗೆ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಗಂಟೆಂದು ವೈದ್ಯರು ಹೇಳಿ, ಮೂಗಿನ ದಾರಿಯಿಂದ ಅದನ್ನು ತೆಗೆಯುವ ಶಸ್ತ್ರಕ್ರಿಯೆಗೆ ದಿನವನ್ನು ಗೊತ್ತುಮಾಡಿದ್ದರು. ಆ ಬಾಯಿಗೆ ಸಕ್ಕರೆಯ ಬೇನೆಯೂ ಇದ್ದು, ಅದಕ್ಕೆ ಮಾತ್ರೆಗಳು ನಡೆದಿದ್ದವು. ತುಣುಕಿನಲ್ಲಿ ಇಸವಿಯಿರಲಿಲ್ಲ, ಔಷಧದ ಹೆಸರಿರಲಿಲ್ಲ. ಮಧುಮೇಹದ ಮಾತ್ರೆಯೊಂದರಿಂದ ಪಿಟ್ಯುಟರಿ ಗಡ್ಡೆಯು ‘ಕರಗುತ್ತದೆ’ ಎಂದಿತ್ತು. “ಮಾಸ್ತರ್ರ, ಗುಳಿಗಿ ಹೆಂಗೂ ನುಂಗಾಕತ್ತಾಳ. ಅದರಿಂದನ ಗಂಟ ಕರಗತೈತಿ ಅಂದ್ರ ಆಪರೇಶನ್ ಯಾಕ ಬೇಕ್ರಿ?” ಎಂದು ಅವರು ಕೇಳಿದರು. ಗೊತ್ತಾದ ದಿನವನ್ನು ಅವರು ಆಗಲೇ ಒಂದು ಸಲ ಮುಂದಕ್ಕೆ ಹಾಕಿಸಿದ್ದರು. ವೈದ್ಯನಲ್ಲದ ನಾನು ಅವರಿಗೆ ಕೂಡಲೆ ಉತ್ತರವನ್ನು ಕೊಡಲಾರದೆ, ಎರಡು ವಾರಗಳ ಅವಧಿಯನ್ನು ಬೇಡಿಕೊಂಡೆನು. ಒಂದು ಕ್ರಿಯಾಪದವು ಒಬ್ಬರ ಶಸ್ತ್ರಕ್ರಿಯೆಯನ್ನು ಮುಂದೂಡಿದ್ದನ್ನು ಕಣ್ಣಾರೆ ಕಂಡ ಮೇಲೆ ಸಾಹಿತ್ಯದ ಅಧ್ಯಾಪಕನು ಅದನ್ನು ಪರಿಶೀಲಿಸದೆ ಇರುವದು ಹೇಗೆ?

ಆ ತುಣುಕಿನ ಹಿಂದೆ ಇದ್ದ ವೃತ್ತಾಂತವೇನೋ ನಿಜವಾದದ್ದೇ. 2002ರಲ್ಲಿ ಅಮೇರಿಕದ ಲಾಸ್ ಏಂಜಲಿಸ್ ಪಟ್ಟಣದ ಸೀಡರ್ಸ್-ಸೈನಾಯ್ ವೈದ್ಯಕೇಂದ್ರದಲ್ಲಿ ಆಂಥನಿ ಹೀನಿ, ಶ್ಲೋಮೋ ಮೆಲ್ಮೆಡ್ ಮತ್ತು ಅವರ ಸಂಗಡಿಗರು ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದನ್ನು ತಿಳಿಯುವದಕ್ಕೆ ಮೊದಲು ರೋಗದ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಪಿಟ್ಯುಟರಿಯು ಮೆದುಳಿನ ಬುಡದಲ್ಲಿ, ಎಲುವಿನ ಒಂದು ಸಣ್ಣ ಗುಣಿಯೊಳಗೆ ಕುಳಿತಿರುವ, ಬಟಾಣಿ ಕಾಳಿನಷ್ಟು ಗಾತ್ರದ ಗ್ರಂಥಿ. ಇದು ರಕ್ತದಲ್ಲಿ ಬಿಡುವ ರಸಗಳು ದೇಹದ ಇತರ ಗ್ರಂಥಿಗಳನ್ನು ಆಳುತ್ತವೆ. ಇದರಲ್ಲಿ ಒಂದು ಬಗೆಯ ಗಂಟು ಬೆಳೆದು ಎಸಿಟಿಎಚ್ ಎಂಬ ರಸವು ಮಿತಿಮೀರಿದರೆ ಮೂತ್ರಪಿಂಡಗಳ ಮೇಲಣ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲನ್ನು ಅತಿಯಾಗಿ ಸುರಿಸುವವು. ಮುಖವು ದುಂಡಗಾಗುವದು, ಹೊಟ್ಟೆಯ ಮೇಲೆ ಕೊಬ್ಬು ಸೇರುವದು, ಚರ್ಮವು ತೆಳುವಾಗುವದು, ರಕ್ತದೊತ್ತಡವೂ ರಕ್ತದ ಸಕ್ಕರೆಯೂ ಏರುವವು. 1932ರಲ್ಲಿ ಹಾರ್ವಿ ಕುಶಿಂಗನು ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವನ ಹೆಸರೇ ನಿಂತಿದೆ. ಇಂಥ ಗಂಟುಗಳು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದರೂ ಉಪೇಕ್ಷಿಸಿದರೆ ಪ್ರಾಣಕ್ಕೆ ಎರವಾಗಬಲ್ಲವು. ಗಂಟನ್ನು ಶಸ್ತ್ರದಿಂದ ತೆಗೆಯುವದೇ ಮೊದಲ ಚಿಕಿತ್ಸೆ.

ಹೀನಿ ಮತ್ತು ಮೆಲ್ಮೆಡರ ತಂಡವು ಈ ಗಂಟುಗಳ ಜೀವಕೋಶಗಳಲ್ಲಿ ‘ಪಿಪಿಎಆರ್-ಗ್ಯಾಮಾ’ ಎಂಬ ಗ್ರಾಹಕವನ್ನು ಹೇರಳವಾಗಿ ಕಂಡಿತು. ಆ ಗ್ರಾಹಕವನ್ನು ಕೆರಳಿಸುವ ಔಷಧವು ಆಗಲೇ ಮಧುಮೇಹಿಗಳ ಕೈಯಲ್ಲಿ ಇದ್ದಿತು. 1999ರಲ್ಲಿ ಅಮೇರಿಕದಲ್ಲಿ ಮಾನ್ಯತೆ ಪಡೆದು ‘ಅವಾಂಡಿಯಾ’ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದ ರೋಸಿಗ್ಲಿಟಝೋನ್ ಅದು. ಎಸಿಟಿಎಚ್ ಸುರಿಸುವ, ಪ್ರಯೋಗಶಾಲೆಯಲ್ಲಿ ಸಾಕಿದ ಕೋಶಗಳನ್ನು ಇಲಿಗಳ ಚರ್ಮದ ಕೆಳಗೆ ಚುಚ್ಚಿ, ಈ ಔಷಧವನ್ನು ಕೊಟ್ಟಾಗ ಐದು ಇಲಿಗಳಲ್ಲಿ ನಾಲ್ಕಕ್ಕೆ ಗಡ್ಡೆ ಬೆಳೆಯಲಿಲ್ಲ. ಔಷಧವುಂಡ ಎಲ್ಲ ಇಲಿಗಳಲ್ಲಿಯೂ ಆ ರಸದ ಸ್ರಾವವು ತಗ್ಗಿತು. ಮುಂದಿನ ವರುಷ, 2003ರಲ್ಲಿ, ಪಿಟ್ಯುಟರಿಯ ಬೇರೆ ಬಗೆಯ ಗಂಟುಗಳ ಮೇಲೆಯೂ ಇದೇ ತಂಡವು ಈ ವರ್ಗದ ಔಷಧವನ್ನು ಪರೀಕ್ಷಿಸಿ ವರದಿಮಾಡಿತು.

ಈಗ ವಾಚಕರು ‘ಕರಗುತ್ತದೆ’ ಎಂಬ ಪದವನ್ನು ಈ ವೃತ್ತಾಂತದ ಮಗ್ಗುಲಲ್ಲಿಟ್ಟು ನೋಡಬೇಕು. ಮೊದಲನೆಯದಾಗಿ ಧಾತುವೇ ತಪ್ಪು. ನಾಲ್ಕು ಇಲಿಗಳಲ್ಲಿ ಗಡ್ಡೆಯು ‘ಬೆಳೆಯಲಿಲ್ಲ’. ಬೆಳೆಯದಿರುವದು ಬೇರೆ, ಬೆಳೆದದ್ದು ಕರಗುವದು ಬೇರೆ. ಬೀಜವು ಮೊಳೆಯದ ಹೊಲಕ್ಕೂ ನಿಂತ ಕಬ್ಬನ್ನು ಕಡಿದ ಹೊಲಕ್ಕೂ ಇರುವ ಅಂತರವನ್ನು ನಮ್ಮ ಕಡೆಯ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದಾಗಿ, ಗಡ್ಡೆಯು ಇದ್ದದ್ದು ಇಲಿಯ ಚರ್ಮದ ಕೆಳಗೆ, ತಲೆಯೊಳಗಲ್ಲ. ಮೂರನೆಯದಾಗಿ, ಇಲಿಗೆ ಕೊಟ್ಟ ಪ್ರಮಾಣವು, ತೂಕಕ್ಕೆ ತೂಕ ಹಿಡಿದರೆ, ಮನುಷ್ಯನಿಗೆ ಕೊಡುತ್ತಿದ್ದುದಕ್ಕಿಂತ ಬಹು ಪಾಲು ಹೆಚ್ಚಿನದು. ಆದರೆ ಇವು ಮೂರೂ ವಿಷಯದ ತಪ್ಪುಗಳು, ಬರೆದವರು ಇನ್ನಷ್ಟು ಓದಿದ್ದರೆ ತಿದ್ದಬಹುದಾಗಿದ್ದವು. ನಾನು ಹೇಳಬೇಕೆಂದಿರುವ ನಾಲ್ಕನೆಯ ತಪ್ಪು ವ್ಯಾಕರಣದ್ದು. ಅದು ಬಹಳ ಓದಿದವರಿಂದಲೂ ಆಗುತ್ತಿದೆ.

ನಮ್ಮ ‘-ಉತ್ತದೆ’ ರೂಪವು ವರ್ತಮಾನದ್ದೆಂದು ಶಾಲೆಯಲ್ಲಿ ಕಲಿಸುತ್ತೇವೆ. ವ್ಯವಹಾರದಲ್ಲಿ ಅದು ಮೂರು ಹೊರೆಗಳನ್ನು ಹೊರುವದು. ‘ಬೆಣ್ಣೆ ಕರಗುತ್ತದೆ’ ಎಂದರೆ ಅದು ಬೆಣ್ಣೆಯ ಸ್ವಭಾವ. ‘ನೋಡು, ಒಲೆಯ ಮೇಲೆ ಕರಗುತ್ತದೆ’ ಎಂದರೆ ಈಗ ನಡೆದಿರುವ ಕ್ರಿಯೆ. ‘ನಾಳೆಯೊಳಗೆ ಕರಗುತ್ತದೆ’ ಎಂದರೆ ಭವಿಷ್ಯದ ಭರವಸೆ. ಒಂದು ಪ್ರಯೋಗದ ಫಲವನ್ನು ಈ ರೂಪದಲ್ಲಿ ಹೇಳಿದೊಡನೆ, ಒಮ್ಮೆ, ಒಂದು ಕಡೆ, ಐದು ಪ್ರಾಣಿಗಳಲ್ಲಿ ನಡೆದ ಸಂಗತಿಯು ವಸ್ತುವಿನ ಸ್ವಭಾವವಾಗಿಯೂ ನಾಳೆಯ ಭರವಸೆಯಾಗಿಯೂ ಏಕಕಾಲಕ್ಕೆ ಮಾರ್ಪಡುವದು. ಮೂಲಲೇಖಕರು ಭೂತಕಾಲದಲ್ಲಿ ಹೇಳಿದ ಮಾತನ್ನು ನಮ್ಮವರು ಸ್ವಭಾವಕಥನವಾಗಿ ತಿರುಗಿಸುತ್ತಾರೆ. ಹೀಗೆ ತಿರುಗಿಸಬೇಕೆಂಬ ದುರುದ್ದೇಶವು ಯಾರಿಗೂ ಇಲ್ಲ. ಶಾಸ್ತ್ರವೆಂದರೆ ಸಾರ್ವಕಾಲಿಕ ಸತ್ಯ, ಸಾರ್ವಕಾಲಿಕ ಸತ್ಯಕ್ಕೆ ‘-ಉತ್ತದೆ’ ಎಂಬ ರೂಢಿಯು ಬೆರಳಿಗೆ ಅಂಟಿಕೊಂಡಿದೆ, ಅಷ್ಟೆ. ನೀರು ಕುದಿಯುತ್ತದೆ, ಭೂಮಿ ಸುತ್ತುತ್ತದೆ; ಅದೇ ಜಾಡಿನಲ್ಲಿ ಗಡ್ಡೆ ಕರಗುತ್ತದೆ.

ಆದರೆ ಕನ್ನಡವು ಇಲ್ಲಿ ಬಡಭಾಷೆಯೇನೂ ಅಲ್ಲ. ‘ಕರಗಿತು’ ಎಂಬಲ್ಲಿ ಇಕಾರವು ಹ್ರಸ್ವ. ಆದದ್ದು ಆಯಿತು, ಒಮ್ಮೆ. ‘ಕರಗೀತು’ ಎಂಬಲ್ಲಿ ಅದೇ ಸ್ವರವು ದೀರ್ಘವಾಗುವದು. ಆದರೆ ಆದೀತು, ಆಗದೆಯೂ ಹೋದೀತು. ಒಂದು ಮಾತ್ರೆಯ ಕಾಲವಷ್ಟೇ ಹೆಚ್ಚು. (ಛಂದಸ್ಸಿನ ಮಾತ್ರೆಗೂ ಔಷಧದ ಮಾತ್ರೆಗೂ ಹೆಸರು ಒಂದೇ ಆದದ್ದರಿಂದ ಈ ಮಾತಿನಲ್ಲಿ ಶ್ಲೇಷವು ತಾನಾಗಿ ಬಂದಿದೆ, ನಾನು ಹುಡುಕಿದ್ದಲ್ಲ.) ವೈಯಾಕರಣರು ಇದನ್ನು ಸಂಭಾವನಾರ್ಥಕವೆನ್ನುತ್ತಾರೆ. ಬಂದಾನು, ತಂದಾಳು, ಆದೀತು, ಬಿದ್ದಾವು ಎಂಬ ಈ ರೂಪಗಳಲ್ಲಿ ಸಂದೇಹವು ಕ್ರಿಯೆಯ ಹೊರಗಿನಿಂದ ಅಂಟಿಸಿದ್ದಲ್ಲ, ಅದರ ಪ್ರತ್ಯಯದಲ್ಲಿಯೇ ಬೆರೆತಿದೆ. ‘ಬಹುಶಃ’ ಎಂಬ ಅವ್ಯಯವನ್ನು ಸಂಪಾದಕನು ಸ್ಥಳದ ಅಭಾವದಿಂದ ಹೊಡೆದುಹಾಕಿದರೂ ‘ಕರಗೀತು’ ಎಂಬಲ್ಲಿಯ ಸಂದೇಹವನ್ನು ಹೊಡೆಯುವದು ಅವನಿಂದ ಸಾಧ್ಯವಿಲ್ಲ. ಪ್ರಯೋಗದ ಫಲವನ್ನು ‘ಇತು’ ಎಂದೂ, ಅದರಿಂದ ಹುಟ್ಟಿದ ಆಶೆಯನ್ನು ‘ಈತು’ ಎಂದೂ ಬರೆಯುವ ಇಷ್ಟು ಸೂಕ್ಷ್ಮವಾದ ಉಪಕರಣವನ್ನು ಕೈಯಲ್ಲಿಟ್ಟುಕೊಂಡು ನಾವು ಅದನ್ನು ಗ್ರಾಮ್ಯವೆಂದು ಬಗೆದು ಶಾಸ್ತ್ರಗದ್ಯದಿಂದ ಹೊರಗಿಟ್ಟಿದ್ದೇವೆ. ಜಮಖಂಡಿಯ ಸಂತೆಯಲ್ಲಿ ಒಂದು ತಾಸು ನಿಂತರೆ ಈ ರೂಪಗಳು ನೂರು ಸಲ ಕಿವಿಗೆ ಬೀಳುವವು. ವಿಜ್ಞಾನದ ಲೇಖನಗಳಲ್ಲಿ ನೂರು ಪುಟವನ್ನೋದಿದರೂ ಒಂದು ಕಾಣುವದು ಅಪರೂಪ.

ಅದರ ಸ್ಥಾನದಲ್ಲಿ ನಾವು ಕುಳ್ಳಿರಿಸಿರುವದು ‘-ಬಹುದು’. ಸಂದೇಹವನ್ನು ಸೂಚಿಸಬೇಕೆಂದು ಬಯಸುವ ಎಚ್ಚರದ ಲೇಖಕನು ‘ಕರಗಬಹುದು’ ಎಂದು ಬರೆಯುತ್ತಾನೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಈ ‘ಬಹುದು’ ಎರಡು ಮುಖಗಳುಳ್ಳದ್ದು. ಗಡ್ಡೆಯು ಕರ್ತೃವಾದಾಗ ಅದು ಸಾಧ್ಯತೆಯನ್ನು ಹೇಳುವದು. ಮನುಷ್ಯನು ಕರ್ತೃವಾದಾಗ ಅದು ಅನುಮತಿಯನ್ನು ಹೇಳುವದು. ‘ಒಳಗೆ ಬರಬಹುದು’ ಎಂದು ಬಾಗಿಲಲ್ಲಿ ನಿಂತವನಿಗೆ ಹೇಳುವದು ಸಂಭಾವನೆಯಲ್ಲ, ಅಪ್ಪಣೆ. ಹೀಗಿರುವಲ್ಲಿ ‘ಪಿಟ್ಯುಟರಿ ಗಡ್ಡೆಗೆ ಈ ಮಾತ್ರೆಯನ್ನು ಬಳಸಬಹುದು’ ಎಂಬ ವಾಕ್ಯವನ್ನು ಬರೆದವನು ಮುಂದೆಂದಾದರೂ ಬಳಕೆಗೆ ಬಂದೀತೆಂಬ ಅರ್ಥದಲ್ಲಿ ಬರೆದಿದ್ದರೂ, ಓದಿದವನು ಬಳಸಲು ಅಡ್ಡಿಯಿಲ್ಲವೆಂದು ತಿಳಿದರೆ ಭಾಷೆಯ ದೃಷ್ಟಿಯಿಂದ ತಪ್ಪು ಓದಿದವನದಲ್ಲ. ಔಷಧದ ವಿಷಯದಲ್ಲಿ ಸಾಧ್ಯತೆ-ಅನುಮತಿಗಳ ಈ ಬೆರಕೆಯು ಎಷ್ಟು ಅನರ್ಥಕಾರಿಯೆಂಬದನ್ನು ವಿಸ್ತರಿಸಬೇಕಾಗಿಲ್ಲ.

ಶಾಸ್ತ್ರಗದ್ಯಕ್ಕೆ ಈ ನಿಶ್ಚಯದ ಗೀಳು ಎಲ್ಲಿಂದ ಬಂದಿತು? ಇಂಗ್ಲಿಷಿನ ಅನುಕರಣದಿಂದ ಬಂದದ್ದೆಂದು ಹೇಳುವದು ಸುಲಭ; ಆದರೆ ಅದು ಸರಿಯಲ್ಲವೆಂದು ನನಗೆ ತೋರುತ್ತದೆ. ನಮ್ಮ ವೈದ್ಯವಾಙ್ಮಯವು ಹಳೆಯದು. 12ನೆಯ ಶತಮಾನದ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನ ‘ಗೋವೈದ್ಯ’, ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಅನುಸರಿಸಿದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ವಿಜಯನಗರದ ಮೊದಲ ಅರಸರ ಕಾಲದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ರಚಿಸಿದ ‘ಖಗೇಂದ್ರಮಣಿದರ್ಪಣ’, ಇವುಗಳಲ್ಲಿ ಕೊನೆಯದು 1942ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದಿಂದ ಅಚ್ಚಾಗಿ ವಿದ್ವಾಂಸರ ಕೈಗೆ ಬಂದಿದೆ. ಈ ವೈದ್ಯಪದ್ಯಗಳ ಘಟನೆಯನ್ನು ಗಮನಿಸಿದವರಿಗೆ ಒಂದು ಮಾದರಿಯು ಮತ್ತೆ ಮತ್ತೆ ಕಾಣುವದು: ಮೂಲಿಕೆಗಳ ಹೆಸರು, ಅರೆಯುವ ಅಥವಾ ಕಾಯಿಸುವ ವಿಧಿ, ಸೇವನೆಯ ಕ್ರಮ, ಕಡೆಗೆ ‘ಕಿಡುಗುಂ’ ಅಥವಾ ‘ಪೋಕುಂ’ ಎಂಬ ಜಾತಿಯ ಒಂದು ಕ್ರಿಯಾಪದ. ಹಳಗನ್ನಡದ ಈ ‘ಗುಂ-ಕುಂ’ ಪ್ರತ್ಯಯವು ಪ್ರಥಮಪುರುಷದಲ್ಲಿ ಲಿಂಗವಚನಗಳ ಭೇದವನ್ನು ಲೆಕ್ಕಿಸದೆ ನಿಲ್ಲುವದು. ನಿನ್ನೆಯೂ ಹೀಗೆಯೇ, ನಾಳೆಯೂ ಹೀಗೆಯೇ ಎಂಬ ಧ್ವನಿಯುಳ್ಳದ್ದು. ಕಂದಪದ್ಯದ ಕೊನೆಯಲ್ಲಿ ಅದು ಮೊಳೆ ಹೊಡೆದಂತೆ ಕೂಡ್ರುವದು.

ಇದಕ್ಕಾಗಿ ಮಂಗರಾಜನನ್ನು ದೂಷಿಸುವದು ಅನ್ಯಾಯ. ಹಾವು ಕಚ್ಚಿದವನನ್ನು ಮುಂದೆ ಮಲಗಿಸಿಕೊಂಡ ವೈದ್ಯನಿಗೆ ಬೇಕಾದದ್ದು ನೆನಪಿನಲ್ಲಿ ನಿಲ್ಲುವ ವಿಧಿವಾಕ್ಯ. ‘ಕೆಲವರಲ್ಲಿ ಕೆಟ್ಟಿತು, ಕೆಲವರಲ್ಲಿ ಕೆಡಲಿಲ್ಲ’ ಎಂಬ ಲೆಕ್ಕವಲ್ಲ. ಆ ಪದ್ಯವು ಪರೀಕ್ಷೆಯ ವರದಿಯಲ್ಲ, ಪರೀಕ್ಷೆಯೆಲ್ಲ ಮುಗಿಯಿತೆಂದು ಗುರುಪರಂಪರೆಯು ಒಪ್ಪಿಕೊಂಡ ಮೇಲಿನ ಆದೇಶ. ಆದೇಶಕ್ಕೆ ‘ಕಿಡುಗುಂ’ ಯುಕ್ತವಾದದ್ದೇ. ದೋಷವಿರುವದು ನಮ್ಮಲ್ಲಿ. ಪರೀಕ್ಷೆಯು ನಡೆದಿರುವಾಗಲೇ ಅದರ ವಾರ್ತೆಯನ್ನು ಆದೇಶದ ಕ್ರಿಯಾಪದದಲ್ಲಿ ಬರೆಯುತ್ತೇವೆ. ‘ಕಿಡುಗುಂ’ ಎಂಬದನ್ನು ಹೊಸಗನ್ನಡದ ‘ಕರಗುತ್ತದೆ’ ಎಂದು ಬದಲಿಸಿಕೊಂಡು, ಮಂಗರಾಜನ ಕಾಲದ ಗುರುವಿನ ಸ್ಥಾನದಲ್ಲಿ ಐದು ಇಲಿಗಳನ್ನು ಕುಳ್ಳಿರಿಸಿದ್ದೇವೆ.

ಪರೀಕ್ಷೆಯೆಂಬ ಮಾತು ಬಂದಲ್ಲಿ ಈ ಸೀಮೆಯವನಾದ ರನ್ನನನ್ನು ನೆನೆಯದೆ ಮುಂದುವರಿಯಲಾರೆನು. ಜಂಬುಖಂಡಿ ಎಪ್ಪತ್ತರ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿಯು 993ರಲ್ಲಿ ಮುಗಿಸಿದ ‘ಅಜಿತಪುರಾಣ’ದಲ್ಲಿ, ಹಾವಿನರಸನ ಹೆಡೆಯ ಮೇಲಣ ರತ್ನವನ್ನೂ ತನ್ನ ಕೃತಿರತ್ನವನ್ನೂ ಪರೀಕ್ಷಿಸುವವನಿಗೆ ಎಂಟು ಎದೆಗಳುಂಟೆ ಎಂದು ಕೇಳಿದ್ದು ಪ್ರಸಿದ್ಧವಾಗಿದೆ. ಸಾಮಾನ್ಯವಾಗಿ ಇದನ್ನು ಕವಿಯ ಗರ್ವೋಕ್ತಿಯೆಂದು ಪಾಠಮಾಡಿ ಬಿಡುತ್ತೇವೆ. ಬಳೆಯ ವ್ಯಾಪಾರದ ಮನೆಯವನಿಗೆ ಕಲ್ಲು ಯಾವದು, ಗಾಜು ಯಾವದು ಎಂದು ನೋಡಿ ತಿಳಿಯುವ ಕಸಬು ಗೊತ್ತಿದ್ದಿರಬೇಕು. ಪರೀಕ್ಷೆಯೆಂದರೆ ಕಚ್ಚಬಲ್ಲ ವಸ್ತುವಿನ ಹತ್ತಿರಕ್ಕೆ ಕೈಯೊಯ್ಯುವದೆಂಬ ಅರಿವು ಆ ಮಾತಿನಲ್ಲಿದೆಯೆಂದು ನಾನು ಓದುತ್ತೇನೆ. ‘ಪರಿ’ ಎಂದರೆ ಸುತ್ತಲೂ, ‘ಈಕ್ಷೆ’ ಎಂದರೆ ನೋಡುವದು.

ಸುತ್ತಲೂ ನೋಡುವ ಈ ಕಾರ್ಯಕ್ಕೆ ರನ್ನನು ಕಥನದಲ್ಲಿ ಒಂದು ಕ್ರಮವನ್ನೂ ಹಾಕಿಕೊಟ್ಟನು. ‘ಗದಾಯುದ್ಧ’ದಲ್ಲಿ ಅವನು ಭಾರತದ ಕಥೆಯನ್ನು ಮೊದಲಿನಿಂದ ಕೊನೆಗೆ ಹೇಳಲಿಲ್ಲ. ಕೊನೆಯ ದಿನದಲ್ಲಿ ನಿಂತು, ಸಿಂಹವು ನಡೆದ ದಾರಿಯನ್ನು ತಿರುಗಿ ನೋಡುವಂತೆ, ಹಿಂದಿನದನ್ನೆಲ್ಲ ಒಳಗೊಂಡು ಹೇಳಿದನು. ಅದನ್ನು ಸಿಂಹಾವಲೋಕನಕ್ರಮವೆಂದು ತಾನೇ ಕರೆದನು. ದುರ್ಯೋಧನನು ಸೋತನೆಂಬದು ತಿಳಿದಿರುವಾಗಲೇ ಅವನ ಒಂದೊಂದು ಹೆಜ್ಜೆಯ ಹಿರಿಮೆಯೂ ಪ್ರಮಾದವೂ ನಮಗೆ ಸರಿಯಾದ ಅಳತೆಯಲ್ಲಿ ಕಾಣುವವು. ಔಷಧಪರೀಕ್ಷೆಯ ಕಥನಕ್ಕೆ ಇದಕ್ಕಿಂತ ಯೋಗ್ಯವಾದ ಕ್ರಮವನ್ನು ನಾನು ಕಾಣೆ. ಪತ್ರಿಕೆಯ ಬರಹಗಳು ಇಲಿಯಲ್ಲಿ ತೊಡಗಿ ಇಲಿಯಲ್ಲಿಯೇ ಮುಗಿಯುತ್ತವೆ. ಮುಂದಿನ ಪರ್ವಗಳನ್ನು ಯಾರೂ ಬರೆಯುವದಿಲ್ಲ. ಆದಿಪರ್ವವನ್ನಷ್ಟೇ ಓದಿದವನಿಗೆ ಕೌರವರು ಗೆದ್ದರೋ ಪಾಂಡವರು ಗೆದ್ದರೋ ತಿಳಿಯುವದು ಹೇಗೆ?

ಈ ಔಷಧದ ಕೊನೆಯ ಪರ್ವದಲ್ಲಿ ನಿಂತು ನೋಡೋಣ. 2010ರಲ್ಲಿ ಭಾರತ ಸರಕಾರವು ರೋಸಿಗ್ಲಿಟಝೋನಿನ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸಿತು. ಅದೇ ವರುಷ ಯೂರೋಪಿನಲ್ಲಿ ಅದರ ಮಾರಾಟವನ್ನು ತಡೆದರು; ಅಮೇರಿಕವು ಕಟ್ಟುನಿಟ್ಟುಗಳನ್ನು ವಿಧಿಸಿ, 2013ರಲ್ಲಿ ಅವುಗಳನ್ನು ಸಡಿಲಿಸಿತು. ಕಾರಣವು ಗಡ್ಡೆಯದಲ್ಲ, ಹೃದಯದ್ದು: ಈ ಔಷಧವನ್ನು ಸೇವಿಸಿದವರಲ್ಲಿ ಹೃದಯಾಘಾತದ ಸಂಭವವು ಹೆಚ್ಚೆಂದು 2007ರಲ್ಲಿ ಸ್ಟೀವನ್ ನಿಸ್ಸೆನರು ಅನೇಕ ಪರೀಕ್ಷೆಗಳ ಲೆಕ್ಕವನ್ನು ಕೂಡಿಸಿ ತೋರಿಸಿದ್ದರು. ಅದಕ್ಕೂ ಹಿಂದೆ ತಿರುಗಿದರೆ, 2005ರಲ್ಲಿ ಇದೇ ವರ್ಗದ ಪಯೋಗ್ಲಿಟಝೋನನ್ನು ಕುಶಿಂಗನ ರೋಗವುಳ್ಳ 5 ಜನರಿಗೆ ದಿನಕ್ಕೆ 45 ಮಿಲಿಗ್ರಾಂನಂತೆ 30 ದಿನ ಕೊಟ್ಟು ನೋಡಿದ ವರದಿಯಿದೆ. ಎಸಿಟಿಎಚ್ ಆಗಲಿ ಕಾರ್ಟಿಸಾಲ್ ಆಗಲಿ ಇಳಿಯಲಿಲ್ಲ. 2004ರಲ್ಲಿ ಇಟಲಿಯ ವೈದ್ಯರು 14 ರೋಗಿಗಳಿಗೆ ರೋಸಿಗ್ಲಿಟಝೋನನ್ನು ಒಂದೆರಡು ತಿಂಗಳು ಕೊಟ್ಟಾಗ 6 ಜನರಲ್ಲಿ ಆ ರಸಗಳು ತಗ್ಗಿದವು, ಉಳಿದ 8 ಜನರಲ್ಲಿ ತಗ್ಗಲಿಲ್ಲ. ತಗ್ಗಿದ್ದು ತಿಂಗಳು ಕಳೆದಂತೆ ಮತ್ತೆ ಏರಿದ ಉದಾಹರಣೆಗಳೂ ಮುಂದೆ ಪ್ರಕಟವಾದವು. ಇವೆಲ್ಲವುಗಳ ಹಿಂದೆ, ದೂರದಲ್ಲಿ, 2002ರ ಐದು ಇಲಿಗಳು ಕಾಣುವವು.

ಈ ಕ್ರಮದಲ್ಲಿ ಹೇಳಿದಾಗ ಕ್ರಿಯಾಪದಗಳು ತಾವಾಗಿಯೇ ಸರಿಹೋಗುವದನ್ನು ವಾಚಕರು ಗಮನಿಸಿರಬಹುದು. ‘ನಿಷೇಧಿಸಿತು’, ‘ಇಳಿಯಲಿಲ್ಲ’, ‘ತಗ್ಗಿದವು’ ಎಂದು ಬರೆಯುವಾಗ ‘-ಉತ್ತದೆ’ ಎಂಬದಕ್ಕೆ ಎಡೆಯೇ ದೊರೆಯಲಿಲ್ಲ. ನಿಷೇಧರೂಪದಲ್ಲಿಯೂ ಕನ್ನಡಕ್ಕೆ ಒಂದು ಭೇದವಿದೆ. ‘ಕರಗಲಿಲ್ಲ’ ಎಂದರೆ ಆ ಸಲ ಆಗಲಿಲ್ಲ. ‘ಕರಗದು’ ಎಂದರೆ ಎಂದೆಂದಿಗೂ ಆಗತಕ್ಕದ್ದಲ್ಲ. 30 ದಿನಗಳ ಕಾಲ 5 ಜನರಲ್ಲಿ ಕಂಡದ್ದರಿಂದ ‘ಕರಗದು’ ಎಂದು ಬರೆಯುವ ಅಧಿಕಾರವು ಯಾರಿಗೂ ಬರುವದಿಲ್ಲ. ಆಶೆಯನ್ನು ಅತಿಯಾಗಿ ಹೇಳಿದ ಲೇಖನಿಯೇ ಬಹುಕರಿಗೆ ನಿರಾಶೆಯನ್ನೂ ಅತಿಯಾಗಿ ಹೇಳುವದು. ವ್ಯಾಕರಣದ ಅಶಿಕ್ಷಿತತನವು ಎರಡು ಕಡೆಗೂ ಒಂದೇ.

ಹಾಗೆಂದು ಮಧುಮೇಹದ ಮದ್ದನ್ನು ಪಿಟ್ಯುಟರಿಯ ಗಂಟಿಗೆ ಹಾಕಿ ನೋಡಿದ ಯೋಚನೆಯೇ ಹುಚ್ಚೆಂದು ತಿಳಿಯಲಾಗದು. ಈ ಎರಡಕ್ಕೂ ಇರುವ ನಂಟು ಹಳೆಯದು. ಅರ್ಜೆಂಟೀನದ ಬರ್ನಾರ್ಡೊ ಹುಸೇ ಎಂಬ ವಿಜ್ಞಾನಿಯು ಮೇದೋಜೀರಕಾಂಗವನ್ನು ಕಳೆದುಕೊಂಡು ಮಧುಮೇಹಕ್ಕೆ ಗುರಿಯಾದ ನಾಯಿಗಳ ಪಿಟ್ಯುಟರಿಯನ್ನೂ ತೆಗೆದಾಗ ಅವುಗಳ ಮಧುಮೇಹವು ಸೌಮ್ಯವಾಯಿತೆಂದು ತೋರಿಸಿದನು. ಸಕ್ಕರೆಯ ವಿನಿಯೋಗದಲ್ಲಿ ಆ ಗ್ರಂಥಿಯ ಪಾತ್ರವನ್ನು ಕಂಡುಹಿಡಿದದ್ದಕ್ಕಾಗಿ 1947ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಇನ್ನು ವಿಚಿತ್ರವೆಂದರೆ, ಎದುರು ದಿಕ್ಕಿನ ಪ್ರಯಾಣವು ಸಫಲವಾಗಿದೆ. ಪಿಟ್ಯುಟರಿಯ ಬೇರೊಂದು ಬಗೆಯ ಗಂಟಿಗೆ, ಎಂದರೆ ಹಾಲೂಡುವ ಪ್ರೋಲ್ಯಾಕ್ಟಿನ್ ರಸವನ್ನು ಅತಿಯಾಗಿ ಸುರಿಸುವ ಗಂಟಿಗೆ, ಬಹುಕಾಲದಿಂದ ಕೊಡುತ್ತಿದ್ದ ಬ್ರೋಮೋಕ್ರಿಪ್ಟಿನನ್ನು 2009ರಲ್ಲಿ ಅಮೇರಿಕವು ಮಧುಮೇಹಕ್ಕೂ ಮದ್ದೆಂದು ಅಂಗೀಕರಿಸಿತು. ಆ ಬಗೆಯ ಗಂಟಿಗೆ ಗುಳಿಗೆಯೇ ಮೊದಲ ಚಿಕಿತ್ಸೆ. ಅದು ಅನೇಕರಲ್ಲಿ ಗಂಟನ್ನು ಕುಗ್ಗಿಸಿಯೂ ಇದೆ. ‘ಪಿಟ್ಯುಟರಿ ಗಂಟು’ ಎಂಬ ಒಂದೇ ಹೆಸರಿನ ಕೆಳಗೆ ಗುಳಿಗೆಗೆ ಬಗ್ಗುವದೂ ಶಸ್ತ್ರವನ್ನು ಬೇಡುವದೂ ಎರಡೂ ಇರುವಾಗ, ಯಾವದು ಯಾವದೆಂದು ಹೇಳದ ವಾರ್ತೆಯು ಅರ್ಧ ಸತ್ಯವೂ ಅಲ್ಲ.

ನಾಮಪದಗಳ ಚರ್ಚೆಯನ್ನು ಆಕ್ಷೇಪಿಸಿ ಆರಂಭಿಸಿದ ನಾನೇ ಈಗ ಒಂದು ನಾಮಪದದ ಮುಂದೆ ನಿಂತಿದ್ದೇನೆ, ವಾಚಕರು ಕ್ಷಮಿಸಬೇಕು. ‘ಪಿಟ್ಯುಟರಿ’ ಎಂಬ ಹೆಸರು ಲ್ಯಾಟಿನ್ ಭಾಷೆಯ ‘ಪಿಟ್ಯುಯಿಟ’ ಎಂಬ ಶಬ್ದದಿಂದ ಬಂದದ್ದು. ಅದರ ಅರ್ಥ ಕಫ ಅಥವಾ ಶ್ಲೇಷ್ಮ. ಮೆದುಳಿನ ಮಲವು ಈ ಗ್ರಂಥಿಯ ಮೂಲಕ ಸಿಂಬಳವಾಗಿ ಮೂಗಿಗಿಳಿಯುವದೆಂದು ಯೂರೋಪಿನ ಹಳೆಯ ವೈದ್ಯರು ನಂಬಿದ್ದರು. ಹಿಂದಿಯವರು ಇದನ್ನು ‘ಪೀಯೂಷಗ್ರಂಥಿ’ ಎಂದು ಕರೆದಿದ್ದಾರೆ. ಧ್ವನಿಯ ಹೋಲಿಕೆಯಿಂದ ಹುಟ್ಟಿರಬೇಕಾದ ಈ ಹೆಸರು ಸಿಂಬಳವನ್ನು ಅಮೃತಕ್ಕೇರಿಸಿತು! ಪೀಯೂಷಕ್ಕೆ ಸಂಸ್ಕೃತದಲ್ಲಿ ಈದ ಆಕಳಿನ ಮೊದಲ ಹಾಲು, ನಮ್ಮ ‘ಗಿಣ್ಣದ ಹಾಲು’, ಎಂಬ ಅರ್ಥವೂ ಇರುವದರಿಂದಲೂ, ಎದೆಯಲ್ಲಿ ಹಾಲನ್ನು ತರಿಸುವ ರಸವು ಈ ಗ್ರಂಥಿಯದೇ ಆದದ್ದರಿಂದಲೂ ಹೆಸರು ಅಕಸ್ಮಾತ್ತಾಗಿ ಸಾರ್ಥಕವಾಗಿದೆ. ಆದರೆ ಇಂಥ ಯೋಗಾಯೋಗಗಳ ಮೇಲೆ ಸಿದ್ಧಾಂತಗಳನ್ನು ಕಟ್ಟುವವರೂ ನಮ್ಮಲ್ಲಿದ್ದಾರೆ. ಚರಕನು ಹೇಳಿದ 20 ಪ್ರಮೇಹಗಳಲ್ಲಿ 10 ಕಫಜನ್ಯವೆಂಬದನ್ನೂ, ಅವುಗಳಲ್ಲಿ ಕಬ್ಬಿನ ಹಾಲಿನಂಥ ಮೂತ್ರದ ಇಕ್ಷುಮೇಹವು ಒಂದೆಂಬದನ್ನೂ, ಪಿಟ್ಯುಟರಿಯೆಂದರೆ ಕಫವೆಂಬದನ್ನೂ ಮೂರು ಎಳೆಯಾಗಿ ಹೊಸೆದು, ಪಿಟ್ಯುಟರಿಗೂ ಮಧುಮೇಹಕ್ಕೂ ಇರುವ ಸಂಬಂಧವು ಪ್ರಾಚೀನರಿಗೆ ತಿಳಿದಿದ್ದಿತೆಂದು ಸಾಧಿಸುವದು ಕಷ್ಟವಲ್ಲ. ಅದು ಶಬ್ದಗಳ ಆಟ. ಹುಸೇಯ ನಾಯಿಗಳನ್ನು ಬಿಟ್ಟು ಆ ಸಂಬಂಧಕ್ಕೆ ಪ್ರಮಾಣವು ದೊರೆಯುವದಿಲ್ಲ.

ಹೆಸರು ಯಾವದಾದರೂ ಇರಲಿ, ಒಂದು ಹೆಸರು ಇರಬೇಕು ಎಂಬಲ್ಲಿಯಂತೂ ವಿವಾದವಿಲ್ಲ. ನಾನು ಕಂಡ ತುಣುಕಿನಲ್ಲಿ ‘ಮಧುಮೇಹದ ಮಾತ್ರೆ’ ಎಂದಷ್ಟೇ ಇದ್ದದ್ದು ಕ್ರಿಯಾಪದಕ್ಕಿಂತ ಕಡಿಮೆ ಅಪಾಯದ್ದೇನೂ ಆಗಿರಲಿಲ್ಲ. ಮಧುಮೇಹಕ್ಕೆ ಮಾತ್ರೆಗಳು ಹಲವು. ಒಂದರ ಗುಣವು ಇನ್ನೊಂದಕ್ಕಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಕಬ್ಬಿನ ನಾಡಿನಲ್ಲಿ ‘ಸಕ್ಕರಿ ಗುಳಿಗಿ’ ಎಂದರೆ ಅವರವರ ಮನೆಯ ಡಬ್ಬಿಯೊಳಗಿನದೇ. ಕನ್ನಡದ ಆದ್ಯ ಕೋಶವೆಂದು ಹೇಳಲಾಗುವ ‘ರನ್ನಕಂದ’ದ ಅಳಿದುಳಿದ ಪದ್ಯಗಳು ಈ ಊರಿನ ಕವಿಯದೇ ಹೆಸರಿನಲ್ಲಿವೆ, ಶಬ್ದಕ್ಕೆ ಅರ್ಥವನ್ನು ಗೊತ್ತುಮಾಡಿ ಕೊಡುವ ಕೆಲಸವು ಇಲ್ಲಿಯವರಿಗೆ ಹೊಸದೆಂದು ಯಾರೂ ಹೇಳಲಾರರು.

ಅವಧಿ ತೀರಿದ ದಿನ ನೇಕಾರರು ಮತ್ತೆ ಬಂದರು. ನಾನು 2010ರಿಂದ ಆರಂಭಿಸಿ ಹಿಂದಕ್ಕೆ ಹೋಗಿ, ಇಲಿಗಳನ್ನು ಕೊನೆಗೆ ಹೇಳಿದೆನು. ಅವರ ಪತ್ನಿಯು ನುಂಗುತ್ತಿದ್ದ ಮಾತ್ರೆಯು ಈ ಜಾತಿಯದೇ ಅಲ್ಲವೆಂಬದನ್ನು ಅವರ ವೈದ್ಯರಿಂದಲೇ ಕೇಳಿ ತಿಳಿದುಕೊಳ್ಳಿರೆಂದೂ, ಅವರ ಗಂಟು ಶಸ್ತ್ರವನ್ನು ಬೇಡುವ ಬಗೆಯದೆಂದು ಅವರ ಕಾಗದಗಳಲ್ಲಿ ಬರೆದಿರುವದೆಂದೂ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ಇಲಿಗೋಳಿಗೆ ಬೆಳೀಲಿಲ್ಲ. ಮನಷ್ಯಾರಿಗೂ ಕರಗೀತು ಅಂತ ಮಾಡಿ ನೋಡಿದ್ರು. ಕರಗಲಿಲ್ಲ. ಇಷ್ಟ ಹೌದಲ್ರಿ?” ಎಂದರು. ಹೌದೆಂದೆನು. ತುಣುಕನ್ನು ಮಡಚಿ ನನ್ನ ಮೇಜಿನ ಮೇಲೆಯೇ ಬಿಟ್ಟು, ಮುಂದಿನ ವಾರದ ದಿನವನ್ನು ಮತ್ತೆ ಗೊತ್ತುಮಾಡಿಸಬೇಕೆಂದು ಎದ್ದರು.